ಇಂಪೇಷನ್ಸ್ ಸಂಕಪ್ಪಾನ

ಚೆನ್ನಕ್ಕ ಜಗಲಿಯ ಮೂಲೆಯಲ್ಲಿ ಕುಳಿತು ತೆಂಗಿನ ಗರಿಯಿಂದ ಕಡ್ಡಿ ತೆಗೆಯುತ್ತಿದ್ದರು. ಒಂದು ಎಲೆ ಎಳೆಯುವುದು, ಚೂರಿಯನ್ನು ಕಡ್ಡಿಯ ಬುಡಕ್ಕೆ ತಾಗಿಸುವುದು, ಸರಕ್ಕನೆ ಜಾರಿಸುವುದು. ಕಡ್ಡಿ ಬಲಕ್ಕೆ, ಸಿಪ್ಪೆ ಎಡಕ್ಕೆ. ಒಂದು ಹಿಡಿಸೂಡಿ ಪೊರಕೆಗೆ ಇನ್ನೂರು ಕಡ್ಡಿಯಾದರೂ ಬೇಕು. ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರ ಗಂಡ ಸಂಕಪ್ಪ ಗೌಡರು ಒಂದು ಆಮಂತ್ರಣ ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸುತ್ತಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ. ಜಗಳ ಏನೂ ಇರಲಿಲ್ಲ. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಗೌಡರು ಮಾತು ಮುಗಿಸಿದ ಮೇಲೆ ಚೆನ್ನಕ್ಕನ ಸರದಿ ಎಂದೂ ಬಾರದೆ, ಬರುತ್ತದೆ ಎಂದು ಕಾಯುವುದನ್ನೂ ಅವರು ಬಿಟ್ಟಿದ್ದರು, ಅಷ್ಟೆ.

ಪತ್ರಿಕೆ ಭಜನಾ ಮಂದಿರದ ವಾರ್ಷಿಕೋತ್ಸವದ್ದು. ಒಬ್ಬ ಗೌರವಾಧ್ಯಕ್ಷ, ಒಬ್ಬ ಅಧ್ಯಕ್ಷ, ಹನ್ನೊಂದು ಉಪಾಧ್ಯಕ್ಷರು, ಮೂವತ್ತನಾಲ್ಕು ಸಲಹೆಗಾರರು. ಮರ್ಕಂಜ ಊರಿನಲ್ಲಿ ಸಲಹೆ ಕೇಳುವವರಿಗಿಂತ ಕೊಡುವವರೇ ಹೆಚ್ಚು ಎಂಬುದು ಆ ಪತ್ರಿಕೆಯಿಂದ ಸ್ಪಷ್ಟವಾಗುತ್ತಿತ್ತು. ಇಷ್ಟು ಜನರ ಹೆಸರಿದ್ದರೂ ಕಜೆಮೂಲೆ ಮನೆಯ ಸಂಕಪ್ಪ ಗೌಡರ ಹೆಸರು ಇರಲಿಲ್ಲ. ಕೊನೆಯ ಸಾಲಿನಲ್ಲಿ 'ಮತ್ತು ಊರ ಹತ್ತು ಸಮಸ್ತರು' ಎಂದಿತ್ತು. ಗೌಡರು ಇದ್ದದ್ದು ಅಲ್ಲಿ. ಐವತ್ತೈದು ವರ್ಷದಿಂದ ಅವರು ಅಲ್ಲೇ ಇದ್ದರು.

ಅಷ್ಟರಲ್ಲಿ ಅಂಗಳದಲ್ಲಿ ಒಂದು ಸ್ಕೂಟರ್ ಬಂದು ನಿಂತಿತು. ಕೆಸರಾದ ಚಪ್ಪಲಿ ಕೈಯಲ್ಲಿ ಹಿಡಿದು ಒಬ್ಬಳು ಹುಡುಗಿ ಇಳಿದಳು. ಪುತ್ತೂರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಶರ್ಮಿಳಾ ಮೇಡಂ.

"ಅಣ್ಣ, ನಿಮ್ಮ ತೋಡಿನ ಬದಿಯಲ್ಲಿ ಒಗೆಯುವ ಕಲ್ಲು ಉಂಟಲ್ಲ, ಅದರ ಸುತ್ತ ಒಂದು ಬಿಳಿ ಹೂವಿನ ಗಿಡ ಉಂಟು. ಗೌರಿ ಹೂವಿನ ಜಾತಿಯದ್ದು. ನಾನು ಆರು ವರ್ಷದಿಂದ ಈ ಜಾತಿ ಹುಡುಕಿಕೊಂಡು ತಿರುಗುದು. ಇದನ್ನು ಎಲ್ಲಿಯೂ ನೋಡಲೇ ಇಲ್ಲ. ಎಷ್ಟು ಸಮಯದಿಂದ ಉಂಟು ಇಲ್ಲಿ?"

ಗೌಡರಿಗೆ ಆ ಗಿಡ ಯಾವುದೆಂದೇ ಗೊತ್ತಿರಲಿಲ್ಲ. ಹಳ್ಳಕ್ಕಿಳಿದು ಒಗೆಯುವ ಕಲ್ಲಿನ ಹತ್ತಿರ ಅವರು ಹೋಗಿ ವರ್ಷಗಳಾಗಿದ್ದವು. ಆದರೆ ಮೊದಲ ಸಲ ಕಾಲೇಜಿನವರೊಬ್ಬರು ಅವರ ಹತ್ತಿರ ಏನೋ ಕೇಳುತ್ತಿದ್ದರು. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ.

"ಅದಾ? ಅದು ನಮ್ಮ ಅಜ್ಜನ ಕಾಲದಿಂದ ಉಂಟು. ಅಜ್ಜ ಹೇಳ್ತಿದ್ರು, ಮಕ್ಕಳೇ ಆ ಗಿಡವನ್ನು ಮುಟ್ಟಬೇಡಿ ಅಂತ."

ಚೆನ್ನಕ್ಕನ ಚೂರಿ ನಿಂತಿತು. "ಅದು ನಾನು ಬರುವಾಗ…"

"ನೀನು ಚಾಯಕ್ಕೆ ಇಡು," ಎಂದರು ಗೌಡರು.

ಮೇಡಂ ಆದರೂ ಚೆನ್ನಕ್ಕನ ಕಡೆ ತಿರುಗಿದಳು. "ಅಕ್ಕ, ನೀವು ಅದಕ್ಕೆ ಎಂತ ಹೇಳುದು?"

"ಅವಳಿಗೆಂತ ಗೊತ್ತು ಮೇಡಂ, ಉಗುರುಸುತ್ತು ಆದ್ರೆ ಅರೆದು ಕಟ್ಟುದು, ಅಷ್ಟೆ," ಎಂದರು ಗೌಡರು. ತಮ್ಮದೇ ಹೆಬ್ಬೆರಳಿಗೆ ಎರಡು ಸಲ ಕಟ್ಟಿಸಿಕೊಂಡ ಸೊಪ್ಪು ಅದೇ ಎಂದು ಆಗ ಅವರಿಗೂ ಹೊಳೆದಿರಬೇಕು.

ಚಾಯ ಕುಡಿಯುತ್ತಾ ಮೇಡಂ ಗಿಡಗಳಿಗೆ ಹೆಸರಿಡುವ ಪದ್ಧತಿಯನ್ನು ವಿವರಿಸಿದಳು. ಲ್ಯಾಟಿನ್ ಭಾಷೆಯಲ್ಲಿ ಎರಡು ಪದ. ಮೊದಲನೆಯದು ಕುಲದ ಹೆಸರು. ಈ ಗಿಡದ ಕುಲ ಇಂಪೇಷನ್ಸ್. ಅಂದರೆ ಸಹನೆ ಇಲ್ಲದ್ದು. ಬಲಿತ ಕಾಯಿಯನ್ನು ಚೂರು ಮುಟ್ಟಿದರೆ ಸಾಕು, ಒಡೆದು ಬೀಜ ಹಾರುತ್ತದೆ, ಅದಕ್ಕೆ ಆ ಹೆಸರು. ಎರಡನೆಯ ಪದ ಗಿಡ ಎಂಥದ್ದು ಎಂದು ಹೇಳುವ ವಿಶೇಷಣ. ಬಿಳಿ ಹೂವಾದರೆ ಬಿಳಿ ಎಂದಿಡಬಹುದು. ಊರಿನ ಹೆಸರಾದರೆ ಅದರ ತುದಿಗೆ 'ಎನ್ಸಿಸ್' ಎಂದು ಸೇರಿಸುವುದು. ಮನುಷ್ಯರ ಹೆಸರೂ ಇಡಬಹುದು.

ಗೌಡರ ಲೋಟ ತುಟಿಯ ಹತ್ತಿರ ನಿಂತಿತು. "ಮನುಷ್ಯರದ್ದಾ? ಸತ್ತವರದ್ದಾ, ಇದ್ದವರದ್ದಾ?"

"ಇದ್ದವರದ್ದೂ ಆಗ್ತದೆ."

"ಈಗ ಒಂದು ಮಾತಿಗೆ… ಸಂಕಪ್ಪ ಅಂತ ಒಬ್ಬ ಇದ್ದ ಅಂತ ಇಟ್ಟುಕೊಳ್ಳಿ."

ಮೇಡಂ ನಕ್ಕಳು. "ಇಂಪೇಷನ್ಸ್ ಅನ್ನುದು ಲ್ಯಾಟಿನಲ್ಲಿ ಹೆಣ್ಣು ಪದ ಅಣ್ಣ. ವಿಶೇಷಣ ಯಾವಾಗಲೂ ಮೊದಲಿನ ಪದದ ಲಿಂಗಕ್ಕೆ ಸರಿಯಾಗಿ ಬಾಲ ಬದಲಿಸಬೇಕು. ಹಾಗಾಗಿ ನಿಮ್ಮ ಹೆಸರು ಹೆಣ್ಣಾಗಿ ಬರ್ತದೆ. ಸಂಕಪ್ಪಾನ. ಆದ್ರೆ ಮಾರಾಯ್ರೆ, ಇದು ಹೊಸ ಗಿಡ ಹೌದೋ ಅಲ್ಲವೋ ಅಂತಲೇ ಗೊತ್ತಿಲ್ಲ. ಅದು ಮೊದಲು ಆಗಲಿ."

ಎರಡು ಟೊಂಗೆ ಮುರಿದು ಪೇಪರಿನ ನಡುವೆ ಇಟ್ಟುಕೊಂಡು ಮೇಡಂ ಹೋದಳು. ಅವಳ ಮಾತಿನ ಕೊನೆಯ ಎರಡು ವಾಕ್ಯಗಳು ಗೌಡರ ಕಿವಿಗೆ ಬೀಳಲಿಲ್ಲ.

*

ಮರುದಿನ ಬೆಳಿಗ್ಗೆ ಅಬೂಬಕರನ ಅಂಗಡಿಯಲ್ಲಿ ಲ್ಯಾಟಿನ್ ಭಾಷೆ ಪ್ರಥಮ ಬಾರಿಗೆ ಚರ್ಚೆಗೆ ಬಂತು. ಅಬೂಬಕರ್ ಬೀಡಿ, ಬಾಳೆಹಣ್ಣು, ಮೊಬೈಲ್ ರೀಚಾರ್ಜ್ ಮತ್ತು ಅಭಿಪ್ರಾಯ ಮಾರುವವನು. ಕೊನೆಯದು ಮಾತ್ರ ಉಚಿತ.

"ಇಂಪೇಷನ್ಸ್ ಸಂಕಪ್ಪಾನ," ಎಂದರು ಗೌಡರು, ಬೆಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ.

"ಸಂಕಪ್ಪನ ಎಂತದ್ದು?" ಎಂದು ಕೇಳಿದವರು ಪಾದೆಕಲ್ಲಿನ ಜತ್ತಪ್ಪ ರೈ. ಗೌಡರ ನೆರೆಯವರು. ತೋಡಿನ ಆಚೆ ಅವರ ಜಾಗ. ಹನ್ನೊಂದು ವರ್ಷದಿಂದ ಇಬ್ಬರಿಗೂ ನೇರ ಮಾತಿಲ್ಲ. ಅಬೂಬಕರನ ಮೂಲಕ ಮಾತ್ರ ಬೈದುಕೊಳ್ಳುತ್ತಿದ್ದರು. "ಅಬೂಬಕರ್, ಕೇಳು ಅವರ ಹತ್ತಿರ. ಸಂಕಪ್ಪನ ಅಂತ ಹೇಳಿ ನಿಲ್ಲಿಸಿದ್ರೆ ಹೇಗೆ? ಮುಂದೆ ಎಂತ? ಸಂಕಪ್ಪನ ಕೋಣವಾ, ಸಂಕಪ್ಪನ ಸಾಲವಾ?"

"ಲ್ಯಾಟಿನಲ್ಲಿ ಅದು ಪೂರ್ತಿಯೇ ಅಂತ ಹೇಳು ಅವರಿಗೆ," ಎಂದರು ಗೌಡರು. "ಗಿಡ ಹೆಣ್ಣಾದ ಕಾರಣ ಹೆಸರೂ ಹೆಣ್ಣಾಗಿ ಬರುದು."

ರೈಗಳು ತೊಡೆ ತಟ್ಟಿದರು. "ಹ್ವಾ! ಹಾಗಾದ್ರೆ ಇದು ನಮ್ಮ ಬಂಟರ ಅಳಿಯಕಟ್ಟೇ ಅಲ್ವಾ, ವಂಶ ತಾಯಿಯಿಂದ ನಡೆಯುದು! ಮೊದಲಿನ ಪದ ತಾಯಿ, ಎರಡನೆಯದು ಅವಳ ಹಿಂದೆ. ಅಬೂಬಕರ್, ಗೌಡ್ರಿಗೆ ಹೇಳು, ಲ್ಯಾಟಿನಿನವರು ಬಂಟರೇ ಇರಬೇಕು. ಗೌಡ್ರು ಹೆಂಗಸಾದದ್ದಕ್ಕೆ ನಮ್ಮ ಕಡೆಯಿಂದ ಅಭಿನಂದನೆ ಅಂತಲೂ ಹೇಳು."

ಇದಕ್ಕೆ ಉತ್ತರವಾಗಿ ಗೌಡರು ಅದೇ ದಿನ ಬಸ್ಸು ಹತ್ತಿ ಸುಳ್ಯಕ್ಕೆ ಹೋಗಿ ಫ್ಲೆಕ್ಸ್ ಮಾಡಿಸಿದರು. ಎಂಟಡಿ ಉದ್ದ, ಆರಡಿ ಅಗಲ. ಬಲಗಡೆ ಗೌಡರು, ಮದುವೆಯ ಕೋಟಿನಲ್ಲಿ. ಎಡಗಡೆ ಹೂವು. ಗಿಡದ ಫೋಟೋ ಇಲ್ಲದ ಕಾರಣ ಅಂಗಡಿಯ ಹುಡುಗ ಇಂಟರ್ನೆಟ್ಟಿನಿಂದ ಒಂದು ಟ್ಯುಲಿಪ್ ಹಾಕಿಕೊಟ್ಟಿದ್ದ. ನಡುವೆ ದೊಡ್ಡ ಅಕ್ಷರದಲ್ಲಿ: 'ಇಂಪೇಷನ್ಸ್ ಸಂಕಪ್ಪಾನ. ವಿಶ್ವಕ್ಕೆ ಮರ್ಕಂಜದ ಕೊಡುಗೆ.' ಕೆಳಗೆ ಶುಭ ಕೋರುವವರು: ಊರ ಹತ್ತು ಸಮಸ್ತರು.

ಊರ ಹತ್ತು ಸಮಸ್ತರನ್ನು ಯಾರೂ ಕೇಳಿರಲಿಲ್ಲ. ಆದರೆ ಅವರನ್ನು ಕೇಳುವ ಪದ್ಧತಿ ಎಲ್ಲಿಯೂ ಇಲ್ಲ.

ಫ್ಲೆಕ್ಸ್ ನಿಂತ ಮೂರು ದಿನ ಗೌಡರು ನಿಜವಾಗಿಯೂ ಸುಖವಾಗಿದ್ದರು ಎನ್ನಬೇಕು. ಭಜನಾ ಮಂದಿರದ ಅಧ್ಯಕ್ಷರು ಬೈಕ್ ನಿಲ್ಲಿಸಿ ಮಾತಾಡಿಸಿದರು. ಸವಣೂರಿನಲ್ಲಿರುವ ತಂಗಿ ಫೋನ್ ಮಾಡಿ, "ಅಣ್ಣ, ಫೋಟೋದಲ್ಲಿ ನೀನು ಸತ್ತವನ ಹಾಗೆ ಕಾಣ್ತಿ, ಆದ್ರೂ ಒಳ್ಳೇದುಂಟು," ಎಂದಳು. ಚೆನ್ನಕ್ಕ ಬಟ್ಟೆಯ ಬುಟ್ಟಿ ಹೊತ್ತು ಫ್ಲೆಕ್ಸಿನ ಎದುರೇ ಎರಡು ಸಲ ಹಾದುಹೋದರು. ಟ್ಯುಲಿಪ್ಪನ್ನು ನೋಡಿದರು.

*

ಕೆಡಿಸಿದ್ದು ಅಬೂಬಕರನ ಉಚಿತ ಸರಕು.

"ಗೌಡ್ರೆ, ನಿಮ್ಮ ಹೆಸರು ಇಟ್ಟು ಎಂತ ಪ್ರಯೋಜನ?" ಎಂದ ಅವನು, ಯಾರೂ ಇಲ್ಲದ ಹೊತ್ತು ನೋಡಿ. "ನೀವು ಇವತ್ತು ಇದ್ದೀರಿ, ನಾಳೆ ಇಲ್ಲ. ಮನೆಯ ಹೆಸರು ಇಡಿಸಿ. ಒಗೆಯುವ ಕಲ್ಲು ಇರುದು ಎಲ್ಲಿ?"

ಒಗೆಯುವ ಕಲ್ಲು ಇದ್ದದ್ದು ಕುಮ್ಕಿಯಲ್ಲಿ. ಕುಮ್ಕಿ ಎಂದರೆ ಪಟ್ಟಾ ಜಾಗದ ಅಂಚಿನ ಸರಕಾರಿ ನೆಲ. ಸೊಪ್ಪು ತೆಗೆಯಬಹುದು, ಸೌದೆ ತೆಗೆಯಬಹುದು, ನಮ್ಮದು ಎಂದುಕೊಂಡು ಸಾಯಲೂಬಹುದು. ಕಾಗದದಲ್ಲಿ ಮಾತ್ರ ನಮ್ಮದಲ್ಲ. ತೋಡಿನ ಬದಿಯ ಆ ಮೂವತ್ತು ಸೆಂಟ್ಸ್ ಕಜೆಮೂಲೆಯ ಕುಮ್ಕಿಯೋ ಪಾದೆಕಲ್ಲಿನ ಕುಮ್ಕಿಯೋ ಎಂಬುದಕ್ಕಾಗಿಯೇ ಗೌಡರೂ ರೈಗಳೂ ಹನ್ನೊಂದು ವರ್ಷದಿಂದ ಮಾತು ಬಿಟ್ಟದ್ದು.

"ನಾಳೆ ಆ ಗಿಡದ ಹೆಸರು ಕಜೆಮೂಲೆನ್ಸಿಸ್ ಅಂತ ಆದ್ರೆ," ಅಬೂಬಕರ್ ಸ್ವರ ತಗ್ಗಿಸಿದ, "ಜಾಗ ಯಾರದ್ದು ಅಂತ ಯಾರಾದ್ರೂ ಕೇಳ್ಲಿಕ್ಕುಂಟಾ? ಲ್ಯಾಟಿನಲ್ಲಿ ಬಂದ ಮೇಲೆ ತಹಶೀಲ್ದಾರರು ಎಂತ ಮಾಡ್ತಾರೆ?"

ಇದೇ ಮಾತನ್ನು ಅವನು ಹಿಂದಿನ ದಿನ ರೈಗಳಿಗೂ ಹೇಳಿದ್ದ. ವ್ಯಾಪಾರದಲ್ಲಿ ಅವನು ಪಕ್ಷಪಾತ ಮಾಡುವವನಲ್ಲ.

ಆ ವಾರ ಶರ್ಮಿಳಾ ಮೇಡಂನ ಫೋನಿಗೆ ವಿಶ್ರಾಂತಿ ಇರಲಿಲ್ಲ.

"ಮೇಡಂ, ಸಂಕಪ್ಪಾನ ಬೇಡ. ಕಜೆಮೂಲೆನ್ಸಿಸ್ ಮಾಡಿ," ಎಂದರು ಗೌಡರು.

"ಮೇಡಂ, ನಾನು ಪಾದೆಕಲ್ಲು ಜತ್ತಪ್ಪ ರೈ. ನಕ್ಷೆ ಕಳಿಸಿದ್ದೇನೆ, ವಾಟ್ಸಾಪ್ ನೋಡಿ. ಗಿಡದ ಬೇರು ಪೂರ್ತಿ ನಮ್ಮ ಬದಿಗೆ. ಹೂ ಮಾತ್ರ ಅವರ ಬದಿಗೆ ಬಗ್ಗಿದೆ. ಪಾದೆಕಲ್ಲೆನ್ಸಿಸ್."

"ಅಣ್ಣ, ಆ ಬಾಲ ಇರುದು ಗಿಡ ಯಾವ ಊರಿಂದ ಬಂತು ಅಂತ ಹೇಳ್ಲಿಕ್ಕೆ ಮಾತ್ರ," ಎಂದು ಮೇಡಂ ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿದಳು. "ಅದು ಜಾಗದ ಕಾಗದ ಅಲ್ಲ."

"ಅದೇ ಮೇಡಂ, ಯಾವ ಊರಿಂದ ಬಂತು ಅಂತ. ಅದೇ ನಮಗೆ ಬೇಕಾದದ್ದು," ಎಂದರು ಇಬ್ಬರೂ, ಬೇರೆ ಬೇರೆಯಾಗಿ.

ಒಂದು ರಾತ್ರಿ ಊಟಕ್ಕೆ ಕುಳಿತಾಗ ಗೌಡರು ಗೆದ್ದವರ ದನಿಯಲ್ಲಿ ಹೆಂಡತಿಗೆ ಹೇಳಿದರು: "ಗಿಡ ಇಲ್ಲಿಯದ್ದೇ ಅಂತ ಅಜ್ಜನ ಕಾಲದ ಸಾಕ್ಷಿ ಬೇಕಾದ್ರೆ ನೀನೂ ಹೇಳಬೇಕು."

"ನಾನು ಬರುವಾಗ ನಿಮ್ಮ ಅಜ್ಜ ಇರಲಿಲ್ಲ. ಗಿಡವೂ ಇರಲಿಲ್ಲ," ಎಂದರು ಚೆನ್ನಕ್ಕ.

ಅದು ಆ ತಿಂಗಳಲ್ಲಿ ಅವರು ಆಡಿದ ಅತಿ ಉದ್ದದ ಮಾತು. ಗೌಡರು ಸಾರು ಬಡಿಸಲು ಹೇಳಿದರು.

*

ಫಾರೆಸ್ಟ್ ಗಾರ್ಡ್ ಸುಜಯ್ ಬಂದದ್ದು ಮಂಗಳವಾರ. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಫ್ಲೆಕ್ಸಿನ ಫೋಟೋ.

"ಗೌಡ್ರೆ, ಈ ಅಪರೂಪದ ಗಿಡ ಎಲ್ಲಿ ಉಂಟು? ನಮ್ಮ ಸಾಹೇಬ್ರು ಕೇಳಿದ್ದಾರೆ. ಯಾರ ಜಾಗ ಅಂತಲೂ ಬರ್ಕೊಂಡು ಬರ್ಲಿಕ್ಕೆ ಹೇಳಿದ್ದಾರೆ."

ಖಾಕಿ ಬಟ್ಟೆಯವರು ಬಂದು ಜಾಗ ಯಾರದ್ದು ಎಂದು ಕೇಳಿದರೆ ಅದರ ಮುಂದಿನ ವಾಕ್ಯ ಏನೆಂದು ಈ ಕಡೆಯ ಸಣ್ಣ ಮಕ್ಕಳಿಗೂ ಗೊತ್ತು. ಇವತ್ತು ಗಿಡ ಅಪರೂಪ ಎನ್ನುತ್ತಾರೆ, ನಾಳೆ ಸುತ್ತ ಕಲ್ಲು ಹಾಕುತ್ತಾರೆ, ನಾಡಿದ್ದು ಸೊಪ್ಪಿಗೆ ಹೋದವನ ಕತ್ತಿ ಹಿಡಿಯುತ್ತಾರೆ.

"ನಮ್ಮದಲ್ಲಪ್ಪ!" ಎಂದರು ಗೌಡರು. "ಅದು ಪಾದೆಕಲ್ಲಿನವರದ್ದು. ಬೇರು ಪೂರ್ತಿ ಅವರ ಬದಿಗೆ. ನಕ್ಷೆ ಉಂಟು ಅವರಲ್ಲಿ, ಬೇಕಾದ್ರೆ ಕೇಳು."

ಸುಜಯ್ ತೋಡು ದಾಟಿ ರೈಗಳ ಮನೆಗೆ ಹೋದ. ರೈಗಳು ಊಟದ ಕೈಯಲ್ಲೇ ಹೊರಗೆ ಓಡಿ ಬಂದರು.

"ನಮ್ಮದಾ? ದೇವರಾಣೆಗೂ ಅಲ್ಲ ಮಾರಾಯ! ಹೆಸರೇ ಸಂಕಪ್ಪಾನ ಅಂತ ಉಂಟಲ್ಲ! ಓದ್ಲಿಕ್ಕೆ ಬರ್ತದಲ್ಲ ನಿನಗೆ? ಎಂಟಡಿ ಫ್ಲೆಕ್ಸ್ ಹಾಕಿದ್ದಾರೆ, ಕೋಟು ಹಾಕಿ ನಿಂತಿದ್ದಾರೆ. ಇಷ್ಟು ದೊಡ್ಡ ದಾಖಲೆ ಬೇರೆಂತ ಬೇಕು?"

ಸುಜಯ್ ಪುಸ್ತಕದಲ್ಲಿ 'ಜಾಗ: ವಿವಾದ' ಎಂದು ಬರೆದುಕೊಂಡು ಹೋದ. ಹನ್ನೊಂದು ವರ್ಷ ಇಬ್ಬರೂ ತನ್ನದು ತನ್ನದು ಎಂದ ನೆಲ ಅರ್ಧ ಗಂಟೆಯಲ್ಲಿ ಯಾರದೂ ಅಲ್ಲದ್ದಾಯಿತು.

ಆ ಸಂಜೆ ಫ್ಲೆಕ್ಸ್ ಇಳಿಯಿತು. ಗೌಡರೇ ಅದನ್ನು ಸೌದೆಯ ರಾಶಿಯ ಮೇಲೆ ಮಗುಚಿ ಹಾಕಿ ಕಲ್ಲು ಇಟ್ಟರು. ಮೇಡಂಗೆ ಫೋನ್ ಮಾಡಿ, "ಹೆಸರೇ ಬೇಡ, ಯಾರದ್ದೂ ಬೇಡ, ಬಿಳಿ ಅಂತಲೇ ಇಡಿ," ಎಂದು ಅಂಗಲಾಚಿದರು.

"ಅಣ್ಣ, ಈಗ ನಿಲ್ಲಿಸ್ಲಿಕ್ಕೆ ಆಗುದಿಲ್ಲ," ಎಂದಳು ಅವಳು. "ಅದು ಹೊಸದೇ. ನಮ್ಮ ಹಿರಿಯ ಮೇಷ್ಟ್ರು ಅಚ್ಚುತ ಸರ್ ನೋಡಿ ಹೌದು ಅಂದ್ರು. ಎರಡು ಟೊಂಗೆ ಸಾಕಾಗುದಿಲ್ಲ, ಕಾಯಿ ಬೇಕು, ಗಿಡ ನಿಂತ ಜಾಗ ನೋಡಬೇಕು. ಶುಕ್ರವಾರ ಇಬ್ಬರೂ ಬರ್ತೇವೆ. ಗಿಡ ಜಾಗ್ರತೆ ಅಣ್ಣ. ಅಕ್ಕನಿಗೂ ಹೇಳಿ."

ಗೌಡರು ಅಕ್ಕನಿಗೆ ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ಚೆನ್ನಕ್ಕ ಸ್ವಸಹಾಯ ಸಂಘದ ಸಭೆಗೆಂದು ಸುಳ್ಯಕ್ಕೆ ಹೋದರು. ಬಸ್ಸು ತಿರುವು ದಾಟಿದ್ದೇ ಗೌಡರು ತೋಡಿಗೆ ಇಳಿದರು. ಅಲ್ಲಿ ಆಗಲೇ ಯಾರೋ ಬಗ್ಗಿ ನಿಂತಿದ್ದರು. ಲುಂಗಿ ಮೇಲೆ ಕಟ್ಟಿ, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟು, ಜತ್ತಪ್ಪ ರೈ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಡುವೆ ಅಬೂಬಕರ್ ಇರಲಿಲ್ಲ.

"ಆ ಬದಿಯಿಂದ ನೀವು ಬನ್ನಿ," ಎಂದರು ರೈಗಳು. "ಈ ಬದಿ ನಾನು ನೋಡ್ತೇನೆ."

"ಬೇರು ಸಮೇತ ಬರಬೇಕು ರೈಗಳೇ."

"ಅದು ಹೇಳಬೇಕಾ."

ಊರಿನವರು ಪಂಚಾತಿಕೆ ಮಾಡಿ ಆಗದ್ದು, ಸರ್ವೆಯವರು ಚೈನು ಹಿಡಿದು ಆಗದ್ದು, ಆ ದಿನ ಒಂದು ಗಂಟೆಯಲ್ಲಿ ಆಯಿತು. ಕಜೆಮೂಲೆಯೂ ಪಾದೆಕಲ್ಲೂ ಹೆಗಲಿಗೆ ಹೆಗಲು ಕೊಟ್ಟು ದುಡಿದವು. ಕಲ್ಲಿನ ಸಂದಿಯಿಂದ ಬೆರಳುದ್ದದ ಸಸಿಯನ್ನೂ ಬಿಡಲಿಲ್ಲ. ಕಾಯಿಗಳಿನ್ನೂ ಎಳತಾಗಿದ್ದವು. ಎಷ್ಟು ಹಿಸುಕಿದರೂ ಒಂದೂ ಸಿಡಿಯಲಿಲ್ಲ. ಸಹನೆ ಇಲ್ಲದ ಕುಲ ಎಂದು ಹೆಸರು ಪಡೆದದ್ದು ಆ ಹೊತ್ತಿಗೆ ಬಹಳ ಸಹನೆಯಿಂದ ಇತ್ತು. ರಾಶಿಯನ್ನು ಗೌಡರ ಬಚ್ಚಲ ಒಲೆಗೆ ತುರುಕಿದರು. ಹಸಿಯಾದ್ದರಿಂದ ಹೊಗೆ ತುಂಬಾ ಬಂತು. ಕಣ್ಣು ಒರೆಸಿಕೊಳ್ಳುತ್ತಾ ಇಬ್ಬರೂ ಜಗಲಿಯಲ್ಲಿ ಕುಳಿತು ಒಂದೇ ತಟ್ಟೆಯಿಂದ ವೀಳ್ಯ ಹಾಕಿಕೊಂಡರು.

"ನೀವು ಜನ ಒಳ್ಳೆಯವರೇ ಗೌಡ್ರೆ," ಎಂದರು ರೈಗಳು.

ಚೆನ್ನಕ್ಕ ನಾಲ್ಕು ಗಂಟೆಗೆ ಬಂದರು. ಬಟ್ಟೆ ತೆಗೆದುಕೊಂಡು ಒಗೆಯುವ ಕಲ್ಲಿಗೆ ಹೋದರು. ಬಟ್ಟೆ ಒಗೆಯದೆ ಹಾಗೆಯೇ ವಾಪಸು ತಂದರು. ಬಚ್ಚಲಿಗೆ ಹೋಗಿ ಒಲೆಯ ಬೂದಿ ನೋಡಿದರು. ಅನಂತರ ಅಕ್ಕಿ ತೊಳೆದರು.

*

ಶುಕ್ರವಾರ ಮೇಡಂ ಬಂದಳು. ಜೊತೆಗೆ ಕೋಲು ಊರಿಕೊಂಡು ಅಚ್ಚುತ ಮೇಷ್ಟ್ರು. ದಾರಿಯಲ್ಲಿ ಸಿಕ್ಕಿದ ಸುಜಯ್ ಕೂಡ ಹಿಂದೆಯೇ ಬಂದ. ಬೋಳಾದ ಕಲ್ಲಿನ ಸುತ್ತ ಎಲ್ಲರೂ ನಿಂತರು. ಮಣ್ಣು ಅಗೆದ ಗುರುತು ಹಸಿಯಾಗಿತ್ತು.

"ದನ ತಿಂದಿರಬೇಕು," ಎಂದರು ಗೌಡರು.

"ನಮ್ಮ ದನವೇ ಇರಬೇಕು," ಎಂದರು ರೈಗಳು ತೋಡಿನ ಆಚೆಯಿಂದ. ಹೊಸ ಗೆಳೆತನಕ್ಕೆ ಅದು ಅವರ ಕಾಣಿಕೆ.

ಮೇಡಂ ಮಣ್ಣಿನಲ್ಲಿ ಮೊಣಕಾಲೂರಿ ಎಲೆ ಎಲೆ ಸರಿಸಿ ಹುಡುಕಿದಳು. ಮೇಷ್ಟ್ರು ಕೋಲಿನ ಮೇಲೆ ಗಲ್ಲ ಇಟ್ಟು ನಿಂತೇ ಇದ್ದರು.

"ಛೆ, ಎಂತ ಮಾರಾಯ್ರೆ," ಎಂದ ಸುಜಯ್. "ಸಾಹೇಬ್ರು ಎರಡು ಸಸಿ ಕೇಳಿದ್ರು, ಆಫೀಸಿನ ಎದುರು ನೆಡ್ಲಿಕ್ಕೆ. ಯಾರ ಜಾಗದ್ದು ಅಂತ ಒಂದು ಬೋರ್ಡೂ ಇಡುವ ಅಂತ ಇದ್ರು. ಹೆಸರು ಬರ್ಕೊಳ್ಲಿಕ್ಕೆ ಬಂದ್ರೆ ನೀವಿಬ್ಬರೂ ಓಡಿದ್ರಿ."

"ಜಾಗ ಎಳ್ಕೊಳ್ಲಿಕ್ಕೆ ಅಲ್ವಾ?" ಗೌಡರ ಸ್ವರ ಸಣ್ಣಗಾಯಿತು.

"ಕುಮ್ಕಿಯನ್ನು ಒಂದು ಹೂವಿನ ಗಿಡಕ್ಕೆ ಯಾರು ಎಳ್ಕೊಳ್ತಾರೆ? ನಮಗೆ ಇರುವ ಕಾಡೇ ನೋಡ್ಲಿಕ್ಕೆ ಜನ ಇಲ್ಲ."

ಜಗಲಿಯಲ್ಲಿ ಚೆನ್ನಕ್ಕ ಎಲ್ಲರಿಗೂ ಚಾಯ ಕೊಟ್ಟರು. ಮೇಡಂ ಲೋಟ ತೆಗೆದುಕೊಳ್ಳದೆ ಅವರ ಕೈ ಹಿಡಿದಳು. "ಅಕ್ಕ, ಬೇರೆ ಎಲ್ಲಿಯಾದ್ರೂ ನೋಡಿದ್ದೀರಾ ಇದನ್ನು? ಒಂದು ಗಿಡ ಸಾಕು. ಹೆಸರು ಯಾರದ್ದಾದ್ರೂ ಇರಲಿ, ಬಾಲ ಎಂಥದ್ದಾದ್ರೂ ಇರಲಿ. ಗಿಡ ಬೇಕು."

ಚೆನ್ನಕ್ಕ ಮೆಲ್ಲನೆ ಕೈ ಬಿಡಿಸಿಕೊಂಡು ಗಂಡನ ಕಡೆ ನೋಡಿದರು. ಅಲ್ಲಿಂದಲೇ ಉತ್ತರ ಬರುವುದು ರೂಢಿ. ಆಮೇಲೆ ಒಳಗೆ ಹೋದರು.

ಗೌಡರಿಗೆ ಆಗ ನೆನಪಾಯಿತು. ಇಪ್ಪತ್ತಾರು ವರ್ಷದ ಹಿಂದೆ ಸಂಪಾಜೆಯಿಂದ ಬರುವ ಬಸ್ಸು. ಮದುಮಗಳ ತೊಡೆಯ ಮೇಲೆ ಒಂದು ತೆಂಗಿನ ಗೆರಟೆ, ಗೆರಟೆಯಲ್ಲಿ ಒದ್ದೆ ಮಣ್ಣು, ಮಣ್ಣಿನಲ್ಲಿ ಎಂಥದೋ ಹಸಿರು. ಬಂಗಾರ ತರುವ ಬದಲು ಹುಲ್ಲು ತಂದಿದ್ದಾಳೆ ಎಂದು ಅವರೇ ಹೇಳಿ ಬಸ್ಸಿನವರನ್ನೆಲ್ಲ ನಗಿಸಿದ್ದರು. ಆ ತವರು ಮನೆ ಮಾರಿ ರಬ್ಬರು ತೋಟವಾಗಿ ಬಹಳ ವರ್ಷವಾಯಿತು. ಅತ್ತೆ ಇಲ್ಲ. ಸಂಪಾಜೆಯ ಸುತ್ತ ಎಷ್ಟು ತೋಡು, ಎಷ್ಟು ಕಲ್ಲು. ಯಾವ ತೋಡಿನ ಯಾವ ಕಲ್ಲು ಎಂದು ಗೊತ್ತಿರುವುದು ಈಗ ಒಬ್ಬರಿಗೆ.

"ಮೇಡಂ, ಎರಡು ದಿನ ಸಮಯ ಕೊಡಿ," ಎಂದರು ಗೌಡರು. "ಸಂಪಾಜೆಯ ಕಡೆ ಇರಬಹುದು. ಎಲ್ಲಿ ಅಂತ ನಾನು ಕೇಳಿ ಹೇಳ್ತೇನೆ."

ಎರಡು ದಿನ ಎಂಟು ದಿನವಾಯಿತು. ಮೇಡಂ ದಿನವೂ ಫೋನ್ ಮಾಡಿದಳು. ಸಂಪಾಜೆಯ ಕಡೆ ಕಾಯಿಗಳು ಈಗ ಬಲಿಯುತ್ತಿರಬಹುದು, ಇನ್ನು ಸ್ವಲ್ಪ ದಿನ ಕಳೆದರೆ ಒಡೆದು, ಗಿಡವೂ ಒಣಗಿ, ಹುಡುಕಿದರೂ ಸಿಗದು ಎಂದಳು. ಗೌಡರು ಚೆನ್ನಕ್ಕನನ್ನು ಕೇಳಿದರು. ಊಟಕ್ಕೆ ಕುಳಿತಾಗ ಕೇಳಿದರು, ಬಾವಿಯ ಕಟ್ಟೆಯಲ್ಲಿ ಕೇಳಿದರು. ರೈಗಳನ್ನು ಕರೆಸಿ ಅವರ ಮೂಲಕವೂ ಕೇಳಿಸಿದರು. ಇಪ್ಪತ್ತಾರು ವರ್ಷ ಬೇಡವಾಗಿದ್ದ ಒಂದು ಮಾತಿಗಾಗಿ ಕಜೆಮೂಲೆಯ ಯಜಮಾನರು ಹೆಂಡತಿಯನ್ನು ಮನೆಯೆಲ್ಲ ಹಿಂಬಾಲಿಸಿಕೊಂಡು ನಡೆದರು.

ಚೆನ್ನಕ್ಕ ಜಗಲಿಯ ಮೂಲೆಯಲ್ಲಿ ಕುಳಿತು ತೆಂಗಿನ ಗರಿಯಿಂದ ಕಡ್ಡಿ ತೆಗೆಯುತ್ತಿದ್ದರು. ಕಡ್ಡಿ ಬಲಕ್ಕೆ, ಸಿಪ್ಪೆ ಎಡಕ್ಕೆ. ಗೌಡರು ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಂದು, ಮೊದಲ ಸಲ, ನೆಲದಲ್ಲಿ ಅವರ ಎದುರಿಗೆ ಕುಳಿತರು. ಒಳಗೆ ಫೋನು ಒಮ್ಮೆ ಹೊಡೆದು ನಿಂತಿತು.

"ಚೆನ್ನೂ, ಎಲ್ಲಿಂದ ತಂದದ್ದು ಅಂತ ಒಮ್ಮೆ ಹೇಳು."